ಗಂಜಿ ಹಸಿಯಾಗಿದ್ದಾಗ

ನಮ್ಮ ಮಾವನವರಿಗೆ ಲೋಕದ ದೊಡ್ಡ ದೇಶಗಳೆಲ್ಲ ಎದುರುಮನೆಯಷ್ಟೇ ಹತ್ತಿರ. ತಿರುಪ್ಪೂರಿನಿಂದ ಸ್ವಲ್ಪ ದೂರದಲ್ಲಿ ಕನ್ನಡ ಮಾತಿನ ನೇಕಾರರದೇ ಒಂದು ಬೀದಿ ನಮ್ಮದು. ಸಂಜೆ ಮಗ್ಗದಿಂದ ಎದ್ದು ಜಗುಲಿಗೆ ಬಂದರೆ ಸಾಕು, ತಮಿಳು ಪತ್ರಿಕೆ ಬಿಡಿಸಿಕೊಂಡು ಇಂಗ್ಲೆಂಡಿಗೆ ಬುದ್ಧಿ ಹೇಳುವರು, ಜರ್ಮನಿಯನ್ನು ಗದರುವರು. ನಾನು ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಒಳಗೆ ಕೂತು ನೂಲು ಸುತ್ತುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಬೇರೆ ಗತಿಯೂ ಇರಲಿಲ್ಲವೆನ್ನಿ.

ಯುದ್ಧವಾಗುತ್ತದೆಯೇ ಎಂದು ಯಾರು ಕೇಳಿದರೂ ಅವರ ಉತ್ತರ ಒಂದೇ.

"ದೊಡ್ಡೋರು ಉರುಮ್ತಾರೆ, ಕಚ್ಚೋದಿಲ್ಲ. ಪಾವು ಹಿಡಿಯೋದು ನೋಡಿಲ್ವಾ? ಆ ತುದಿ ಬಿಟ್ರೂ ಕೆಟ್ತು, ಈ ತುದಿ ಬಿಟ್ರೂ ಕೆಟ್ತು. ಇಬ್ರಿಗೂ ಗೊತ್ತು. ಅದಕ್ಕೇ ಯಾರೂ ಬಿಡೋದಿಲ್ಲ."

ಪಾವು ಎಂದರೆ ಸೀರೆಯ ಹಾಸುನೂಲು. ಬಿಸಿಲು ಏರುವ ಮೊದಲು ಅದನ್ನು ಬೀದಿಯುದ್ದಕ್ಕೂ ಎಳೆದು, ಅಕ್ಕಿಯ ಗಂಜಿ ಸವರಿ, ಎಳೆಗೆ ಎಳೆ ಅಂಟದ ಹಾಗೆ ಕುಂಚದಿಂದ ಬಾಚಬೇಕು. ತುದಿಗಳನ್ನು ಗೂಟಕ್ಕೆ ಕಟ್ಟಿದರೂ ಆದೀತು. ಆದರೆ ಒಣಗುತ್ತ ಬಿಗಿಯಾಗುವ ನೂಲನ್ನು ಅರಿತು ಸಡಿಲಿಸಲು ಕೈಯೇ ಬೇಕೆಂದು ನಮ್ಮ ಬೀದಿಯವರ ನಂಬಿಕೆ. ಹಾಗಾಗಿ ಒಂದು ತುದಿಯ ಕೋಲು ಮಾವನವರ ಕೈಯಲ್ಲಿ, ಇನ್ನೊಂದು ಎದುರುಮನೆಯ ಹಿರಿಯರ ಕೈಯಲ್ಲಿ. ಇಬ್ಬರೂ ಬಾಯಲ್ಲಿ ಬಾವ, ಬಾವ, ಹೊಟ್ಟೆಯಲ್ಲಿ ಕಿಚ್ಚು. ಅವರ ಮನೆಗೆ ಐದನೆಯ ಮಗ್ಗ ಬಂದರೆ ನಮ್ಮ ಮನೆಗೂ ಬರಲೇಬೇಕು. ಏನೇ ಇರಲಿ, ಗಂಜಿ ಹಸಿಯಾಗಿರುವಾಗ ಜಗಳ ತೆಗೆಯುವಂತಿಲ್ಲ, ಕೋಲು ಬಿಡುವಂತಿಲ್ಲ. ಅದನ್ನು ಯಾರೂ ಮೀರಿದ್ದಿಲ್ಲ.

ಮೂವತ್ತೊಂಬತ್ತನೆಯ ಇಸವಿಯ ಆವಣಿ ತಿಂಗಳು, ಅಂದರೆ ಸೆಪ್ಟೆಂಬರಿನ ಮೊದಲು. ನನ್ನ ನಾದಿನಿಯ ಮದುವೆ ಹತ್ತಿರ ಬಂದಿತ್ತು. ಧಾರೆ ಸೀರೆಯನ್ನು ಹೆಣ್ಣಿನ ತಂದೆಯೇ ನೇಯಬೇಕು. ಅಂಗಡಿಯ ಸೀರೆ ಉಡಿಸಿದರೆ ಆ ಮನೆಯ ಮಗ್ಗಕ್ಕೇ ಅವಮಾನ. ಮನೆಯಲ್ಲಿದ್ದ ಕಡೆಯ ಡಬ್ಬಿ ಜರ್ಮನಿ ಕೆಂಪನ್ನು ಮಾವ ಆ ನೂಲಿಗೇ ಸುರಿದಿದ್ದರು. ಅಂದು ಬೆಳಿಗ್ಗೆ ಪಾವು ಬೀದಿಯಲ್ಲಿ ಕೆಂಪಗೆ ಹರಡಿತ್ತು. ನಾದಿನಿ ತಾನೇ ಕುಂಚ ಹಿಡಿದು ಬಾಚುತ್ತಿದ್ದಳು.

ಅಷ್ಟರಲ್ಲಿ ತಿರುಪ್ಪೂರಿನ ಹತ್ತಿ ಮಂಡಿಯಲ್ಲಿ ಕೆಲಸ ಮಾಡುವ ಒಬ್ಬರು ಸೈಕಲ್ಲಿನಲ್ಲಿ ಬಂದರು. ಇಳಿಯುವ ಮೊದಲೇ ಕೂಗಿದರು.

"ಇಂಗ್ಲೀಷ್ನೋರಿಗೂ ಜರ್ಮನಿಗೂ ಯುದ್ಧ ಹತ್ಕೊಂಡ್ತು! ರಾತ್ರಿ ರೇಡಿಯೋದಲ್ಲಿ ಹೇಳಿದ್ರಂತೆ!"

ಯುದ್ಧ ಎಂದರೇನೆಂದು ನನಗೇನು ಗೊತ್ತು? ಮಾವನವರ ಮಾತು ಸುಳ್ಳಾಯಿತಲ್ಲ ಎಂದೇ ದಿಗಿಲು.

"ಇನ್ನು ಸಾಯ ಬರೋದಿಲ್ಲ ಬಾವ," ಎಂದರು ಎದುರುಮನೆಯ ಹಿರಿಯರು. ಬಣ್ಣಕ್ಕೆ ನಾವು ಸಾಯ ಎನ್ನುತ್ತಿದ್ದೆವು; ಒಳ್ಳೆಯ ಸಾಯವೆಲ್ಲ ಬರುತ್ತಿದ್ದುದು ಜರ್ಮನಿಯಿಂದಲೇ.

ಮಾವ ಸುತ್ತ ನೋಡಿದರು. "ನಿನ್ ಮಗ ಎಲ್ಲಿ?"

"ಕೋಯಮತ್ತೂರಿಗೆ ಹೋಗವ್ನೆ. ಕೋಳಿ ಕೂಗೋ ಮುಂಚೇನೇ."

"ಸಾಯದ ಅಂಗಡಿಗೆ ಕಳ್ಸಿದ್ದೀಯ! ಇರೋದೆಲ್ಲ ಬಾಚ್ಕೊಂಡ್ ಬರ್ಲಿ ಅಂತ!"

"ಅಯ್ಯೋ ಬಾವ, ಅದಕ್ಕಲ್ಲ. ಮೊದ್ಲು ಕೋಲು ಹಿಡಿ, ಗಂಜಿ ಹಸಿ ಅದೆ!"

ಮಾವ ಕೋಲು ಬಿಟ್ಟರು. ಕಣ್ಣಾರೆ ಕಂಡರೂ ನಂಬಲಾಗಲಿಲ್ಲ. ಬಿಟ್ಟವರು ಪಂಚೆ ಎತ್ತಿ ಕಟ್ಟಿ ರೈಲು ಸ್ಟೇಷನ್ ಕಡೆಗೆ ಓಡಿದರು. "ಅಪ್ಪಾ, ನನ್ ಸೀರೆ!" ಎಂದು ನಾದಿನಿ ಕಿರುಚಿದಳು. ಅವರು ತಿರುಗಿ ನೋಡಲಿಲ್ಲ. ನಾನು ಓಡಿಹೋಗಿ ಆ ಕೋಲು ಎತ್ತುವ ಹೊತ್ತಿಗೆ ಒದ್ದೆ ಎಳೆಗಳು ಮಣ್ಣಿನಲ್ಲಿ ಹೊರಳಿ ಹಗ್ಗದ ಹಾಗೆ ಹೊಸೆದುಕೊಂಡಿದ್ದವು. ಎದುರುಮನೆಯ ಹಿರಿಯರು ಮಾತ್ರ ತಮ್ಮ ತುದಿಯನ್ನು ಬಿಗಿಯಾಗಿ ಹಿಡಿದೇ ನಿಂತಿದ್ದರು. ಎಳೆಯಲು ಈ ಕಡೆ ಏನೂ ಇರಲಿಲ್ಲ.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಇಡೀ ಬೀದಿ ಆಡಿಕೊಂಡಿತು. ನಾದಿನಿ ಮಧ್ಯಾಹ್ನದವರೆಗೂ ಬಿಸಿಲಲ್ಲಿ ಕೂತು ಒಂದೊಂದೇ ಎಳೆ ಬಿಡಿಸಲು ನೋಡಿದಳು. ಎಲ್ಲವೂ ಕೈಯಲ್ಲೇ ತುಂಡಾದವು.

ಸಂಜೆ ಮಾವ ಬರಿಗೈಯಲ್ಲಿ ಬಂದರು. ಕೋಯಮತ್ತೂರಿನಲ್ಲಿ ಸಾಯದ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವಂತೆ. ಅವರ ಹಿಂದೆಯೇ ಅದೇ ರೈಲಿನಲ್ಲಿ ಎದುರುಮನೆಯ ಮಗನೂ ಬಂದ. ನೇರ ನಮ್ಮ ಜಗುಲಿಗೆ ಬಂದು ಮಾವನವರ ಅಂಗೈಗೆ ಒಂದು ಚೂರು ಕಲ್ಲುಸಕ್ಕರೆ ಹಾಕಿದ.

"ಹೆಣ್ಣು ಮಗು, ಮಾಮ. ನನ್ ಹೆಂಡ್ತಿಗೆ ಅತ್ತೆ ಮನೇಲಿ ಹೆರಿಗೆ ಆಯ್ತು. ನೋಡ್ಕೊಂಡ್ ಬಂದೆ."

ಮಾವನವರ ಕೈ ಬಾಯಿಗೆ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾದಿನಿ ಕೇಳಿದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಯಾರೂ ಬಿಡೋದಿಲ್ಲ ಅಂತ ನೀನೇ ಅಂದಿದ್ದೆ ಅಲ್ವಾ ಅಪ್ಪಾ?"

ಅವಳು ಧಾರೆಗೆ ಅಂಗಡಿಯ ಸೀರೆ ಉಟ್ಟಳು.