ನಲ್ಲಿ ಮಾಮನ ಬಿಡುವು

ನೆಲಮಹಡಿಯಲ್ಲೇ ಒಬ್ಬ ಪ್ಲಂಬರ್ ಇದ್ದಾರೆ ಎಂದರೆ ನಾಲ್ಕು ಮಹಡಿಯ ಹಳೇ ಕಟ್ಟಡದ ಜನ ಸುಮ್ಮನಿರುತ್ತಾರೆಯೇ? ಊಟಕ್ಕೆ ಕೂತ ಹೊತ್ತಿಗೆ ಸರಿಯಾಗಿ ಬಾಗಿಲು ಬಡಿಯುತ್ತಿದ್ದರು. ‘ಮಾಮ, ನಮ್ಮ ನಲ್ಲಿ ನಿಲ್ತಾನೇ ಇಲ್ಲ!’ ಹೀಗೆ ಅವರು ಎಲ್ಲರಿಗೂ ನಲ್ಲಿ ಮಾಮ ಆದರು. ಕೈಲಿದ್ದ ತುತ್ತು ತಟ್ಟೆಗೆ ಹಾಕಿ, ಸ್ಪ್ಯಾನರ್ ಹಿಡಿದು ಹತ್ತಿದರೆ ಇಳಿಯುವುದು ಯಾವಾಗಲೋ. ಕೂಲಿ ಎಂದರೆ ಒಂದು ಲೋಟ ಚಹಾ, ಜೊತೆಗೆ ಅತ್ತೆಯ ಮೇಲಿನ ದೂರು, ಮಗನ ಮಾರ್ಕ್ಸಿನ ಗೋಳು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹೆಂಡತಿ ಗೊಣಗಿದ್ದರಲ್ಲಿ ತಪ್ಪೇನಿಲ್ಲ. ಆಕೆಯ ತಂಗಿಯ ಮದುವೆಗೆ ಹೊರಟು ನಿಂತ ದಿನ ಮೇಲಿನ ಪೈಪ್ ಒಡೆದು, ಇವರು ಹೋಗಿ ತಲುಪುವಷ್ಟರಲ್ಲಿ ಮದುಮಕ್ಕಳೇ ಊರು ಬಿಟ್ಟಿದ್ದರು.

ಆಕೆ ಹಾಸಿಗೆ ಹಿಡಿದಾಗ ಮಾಮ ಬಾಗಿಲಿಗೆ ದರದ ಹಲಗೆ ತೂಗುಹಾಕಿದರು. ನಲ್ಲಿಗೆ ಇಷ್ಟು, ಪೈಪಿಗೆ ಇಷ್ಟು, ಮಧ್ಯಾಹ್ನ ಕರೆಯಬಾರದು. ಔಷಧಿಗೆ ದುಡ್ಡು ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಆಕೆಯ ಪಕ್ಕ ಕೂರಲು ಹೊತ್ತು ಬೇಕಿತ್ತು. ಜನರೇನೂ ಮುನಿಸಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ಅವರಿಗೂ ನಿರಾಳವೇ ಆಯಿತು. ಕಾಸು ಕೊಟ್ಟರೆ ಮುಗಿಯಿತು, ಯಾರ ಹಂಗೂ ಇಲ್ಲ, ಚಹಾಕ್ಕೆ ಮನೆಯಲ್ಲಿ ಹಾಲಿದೆಯೇ ಎಂದು ನೋಡುವ ಗೋಜೂ ಇಲ್ಲ. ಮಾಮನಿಗೂ ಮೊದಲ ಬಾರಿಗೆ ‘ಇವತ್ತು ಆಗಲ್ಲ’ ಎನ್ನುವ ಧೈರ್ಯ ಬಂತು. ದುಡ್ಡನ್ನು ಬೈಯುವವರು ಬೈಯಲಿ, ಹೆಂಡತಿಯ ಕೊನೆಯ ದಿನಗಳಲ್ಲಿ ಆಕೆಯ ಕೈ ಹಿಡಿದು ಕೂರುವ ಸ್ವಾತಂತ್ರ್ಯವನ್ನು ಅವರಿಗೆ ಕೊಟ್ಟಿದ್ದು ಆ ದುಡ್ಡೇ.

ಆಕೆ ಹೋದ ಮೇಲೆ ಮಾಮನ ಬಳಿ ಹೊತ್ತೂ ಇತ್ತು, ಕಾಸೂ ಇತ್ತು. ಮಾತಾಡುವವರು ಮಾತ್ರ ಇರಲಿಲ್ಲ. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ನೋಟು ಮುಂದೆ ಬರುತ್ತಿತ್ತು, ಹಿಂದೆಯೇ ಬಾಗಿಲು ಮುಚ್ಚುತ್ತಿತ್ತು. ಮಾಮ ಹಲಗೆ ತೆಗೆದುಹಾಕಿದರು. ಯಾರೂ ಗಮನಿಸಲಿಲ್ಲ, ದರ ಎಲ್ಲರಿಗೂ ಬಾಯಿಪಾಠವಾಗಿತ್ತು. ‘ದುಡ್ಡು ಬೇಡ ಬಿಡಮ್ಮ’ ಎಂದರೆ, ‘ಅಯ್ಯೋ, ಪುಕ್ಕಟೆ ಮಾಡಿಸ್ಕೊಳ್ಳೋಕಾಗುತ್ತಾ ಮಾಮ?’ ಎಂದು ಜೇಬಿಗೇ ತುರುಕುತ್ತಿದ್ದರು. ಒಂಟಿತನ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಪಾತ್ರೆ ತೊಳೆಯುವಾಗ ತಮ್ಮ ಮನೆಯ ನಲ್ಲಿಯ ಜೊತೆಗೇ ಮಾತಾಡತೊಡಗಿದ್ದರು.

ಅಂಥ ದಿನಗಳಲ್ಲೇ, ಮೂರನೇ ಮಹಡಿಯ ಟೀಚರ್ ಮನೆಯಲ್ಲಿ ವಾಶರ್ ಬದಲಿಸಿದ ಮಾಮ, ನಲ್ಲಿಯ ನಟ್ಟನ್ನು ಬೇಕೆಂದೇ ಸ್ವಲ್ಪ ಸಡಿಲ ಬಿಟ್ಟು ಬಂದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ! ಮರುದಿನವೇ ಟೀಚರ್ ಕರೆದರು.

‘ಮಾಮ, ಮತ್ತೆ ಸೋರ್ತಿದೆ.’

‘ನನ್ನದೇ ತಪ್ಪಮ್ಮ. ಇದಕ್ಕೆ ದುಡ್ಡು ತಗೊಳ್ಳಲ್ಲ.’

ದುಡ್ಡು ಕೊಡುವಂತಿಲ್ಲ, ಹಾಗೇ ಕಳಿಸಲು ಮನಸ್ಸಿಲ್ಲ. ಟೀಚರ್ ಚಹಾಕ್ಕೆ ಇಟ್ಟರು. ಅದು ಕುದಿಯುವವರೆಗೆ ಏನಾದರೂ ಮಾತಾಡಬೇಕಲ್ಲ, ಮಗಳ ಹಟ, ತಮ್ಮ ಮಂಡಿನೋವು ಎಲ್ಲ ಹೇಳಿಕೊಂಡರು. ಮಾಮ ಹೆಂಡತಿಯ ವಿಷಯ ತೆಗೆದರು. ಆಕೆಯ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಗಿತ್ತೋ. ಅಂದು ಅವರಿಗೆ ಕಣ್ತುಂಬ ನಿದ್ದೆ ಬಂತು. ರುಚಿ ಕಂಡ ಮೇಲೆ ಬಿಡುವುದುಂಟೆ? ಎರಡನೇ ಮಹಡಿಯ ಡ್ರೈವರ್ ಮನೆ, ಮೇಲಿನ ನರ್ಸ್ ಮನೆ, ಮತ್ತೆ ಟೀಚರ್ ಮನೆ, ಎಲ್ಲಿ ಹೋದರೂ ಒಂದು ನಟ್ ಸಡಿಲವೇ.

ಜನ ಮೆಟ್ಟಿಲ ಮೇಲೆ ಪಿಸುಗುಟ್ಟಿದರು. ಮಾಮನಿಗೆ ವಯಸ್ಸಾಯಿತು, ಕೈ ಹಿಡಿತ ತಪ್ಪಿದೆ, ಪಾಪ. ಎದುರಿಗೆ ಯಾರೂ ಒಂದು ಮಾತೂ ಆಡಲಿಲ್ಲ. ಒಳ್ಳೆಯವರೇ ಎಲ್ಲರೂ, ಅದೇ ಬಂದ ಕಷ್ಟ.

ಒಂದು ಭಾನುವಾರ ಟೀಚರ್, ಡ್ರೈವರ್, ನರ್ಸ್ ಮೂವರೂ ಮಾಮನ ಬಾಗಿಲಿಗೆ ಬಂದರು. ಹೆಂಡತಿ ಹೋದ ಮೇಲೆ ಆ ಮನೆಗೆ ಮೂರು ಜನ ಒಟ್ಟಿಗೆ ಬಂದಿದ್ದೇ ಇಲ್ಲ. ಮಾಮ ಸಡಗರದಿಂದ ಕುರ್ಚಿ ಒರೆಸಿದರು. ಯಾರೂ ಕೂರಲಿಲ್ಲ. ಟೀಚರ್ ಲಕೋಟೆಯೊಂದನ್ನು ಮುಂದೆ ಹಿಡಿದರು.

‘ಇಷ್ಟು ವರ್ಷ ನಮಗೋಸ್ಕರ ದುಡಿದಿದ್ದೀರ ಮಾಮ. ಇನ್ಮೇಲೆ ಎಲ್ಲರೂ ಸೇರಿ ತಿಂಗಳು ತಿಂಗಳು ಇಷ್ಟು ಅಂತ ಕೊಡ್ತೀವಿ. ನೀವು ಮೆಟ್ಟಿಲು ಹತ್ತೋದೇ ಬೇಡ. ನಲ್ಲಿ ಕೆಲಸಕ್ಕೆ ಬೇರೆಯವರನ್ನ ಗೊತ್ತು ಮಾಡಿದ್ದೀವಿ.’

‘ನನ್ನ ಕೈ ಇನ್ನೂ ಗಟ್ಟಿಯಾಗೇ ಇದೆಯಮ್ಮ.’

‘ಸಂಕೋಚ ಪಟ್ಕೋಬೇಡಿ ಮಾಮ,’ ಎಂದರು ಡ್ರೈವರ್. ‘ವಯಸ್ಸು ಯಾರನ್ನ ಬಿಟ್ಟಿದೆ?’

ಬಾಯಿಗೆ ಬಿದ್ದ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೈ ಗಟ್ಟಿಯಿದೆ ಎಂದು ಸಾಧಿಸಬೇಕಾದರೆ, ನಟ್ ಸಡಿಲ ಬಿಟ್ಟಿದ್ದು ಬೇಕೆಂದೇ ಎಂದು ಒಪ್ಪಿಕೊಳ್ಳಬೇಕು. ಯಾಕೆ ಎಂದು ಕೇಳಿಯೇ ಕೇಳುತ್ತಾರೆ. ನಿಮ್ಮ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಕೂರಬೇಕಿತ್ತು ಎನ್ನಲು ನಾಲಿಗೆ ಹೊರಳಲಿಲ್ಲ. ಮಾಮ ಲಕೋಟೆ ತೆಗೆದುಕೊಂಡರು.

‘ಆರಾಮಾಗಿರಿ. ಇನ್ನು ಯಾರೂ ನಿಮಗೆ ತೊಂದ್ರೆ ಕೊಡಲ್ಲ,’ ಎಂದರು ನರ್ಸ್.

‘ಕೊಡಿ ಅಮ್ಮ,’ ಎಂದರು ಮಾಮ. ‘ಆಗಾಗ ತೊಂದ್ರೆ ಕೊಡಿ.’

ಮೂವರೂ ಜೋರಾಗಿ ನಕ್ಕರು. ಈ ವಯಸ್ಸಿನಲ್ಲೂ ಮಾಮನ ತಮಾಷೆ ಹೋಗಿಲ್ಲ ನೋಡಿ ಎಂದುಕೊಳ್ಳುತ್ತಾ ಮೆಟ್ಟಿಲು ಹತ್ತಿ ತಂತಮ್ಮ ಮನೆ ಸೇರಿದರು.