ಆಯುಧಪೂಜೆಯ ಮೊದಲ ಸುತ್ತು

ನಾನು ಮದುವೆಯಾಗಿ ಗಂಗಾನಗರಕ್ಕೆ ಬಂದ ವರ್ಷವೇ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಹೆಬ್ಬಾಳದ ಕಡೆ ಒಂದು ಅಮ್ಯೂಸ್‌ಮೆಂಟ್ ಪಾರ್ಕ್ ಇತ್ತು, ಅದು ಮಾತ್ರ ಇನ್ನೂ ಅಲ್ಲೇ ಇತ್ತು. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಅಲ್ಲೊಂದು ಜೈಂಟ್ ವೀಲ್ ತಿರುಗುತ್ತಿತ್ತು ಅಂದರೆ ನನ್ನ ಶಾಲೆಯ ಮಕ್ಕಳು, ಟೀಚರ್ ರೈಲು ಬಿಡ್ತಿದ್ದಾರೆ ಅನ್ನೋ ಹಾಗೆ ಮುಖ ಮುಖ ನೋಡಿಕೊಳ್ಳುತ್ತವೆ. ಅದಕ್ಕೇ ಅದರ ಚರಿತ್ರೆಯನ್ನು ನನಗೆ ಗೊತ್ತಿದ್ದಷ್ಟು ಬರೆದಿಡುತ್ತಿದ್ದೇನೆ.

ಆ ಜಾಗ ಮೊದಲು ದ್ರಾಕ್ಷಿ ತೋಟವಂತೆ. ತೋಟ ಹೋಗಿ ಪುಟಾಣಿ ರೈಲು ಬಂತು, ದೋಣಿ ಬಿಡಲು ಸಿಮೆಂಟಿನ ಕೊಳ ಬಂತು, ಡುಮ್ಮಗೆ ತೆಳ್ಳಗೆ ತೋರಿಸುವ ಕನ್ನಡಿಗಳು ಬಂದವು. ಎಲ್ಲಕ್ಕಿಂತ ಕೊನೆಗೆ ಬಂದದ್ದು ಜೈಂಟ್ ವೀಲ್. ಅದನ್ನು ನಡೆಸುತ್ತಿದ್ದವರು ನನ್ನ ಮಾವ.

ಜೈಂಟ್ ವೀಲಿಗೆ ಜನರನ್ನು ಬಂದ ಹಾಗೆ ತುಂಬುವುದಿಲ್ಲ. ಈ ಕಡೆಯ ತೊಟ್ಟಿಲಲ್ಲಿ ಎಷ್ಟು ಭಾರವೋ ಎದುರು ಕಡೆಯ ತೊಟ್ಟಿಲಲ್ಲೂ ಹೆಚ್ಚುಕಮ್ಮಿ ಅಷ್ಟೇ ಭಾರ ಇರಬೇಕು, ಇಲ್ಲದಿದ್ದರೆ ಮೋಟಾರು ಒದ್ದಾಡುತ್ತದೆ. ಹಾಗಾಗಿ ಮಾವನಿಗೆ ಮನುಷ್ಯರ ತೂಕ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಗಾಡಿಯವನ ಹತ್ತಿರ ಕುಂಬಳಕಾಯಿ ಕೈಗೆತ್ತಿಕೊಂಡು "ಮೂರೂಕಾಲು" ಅಂದರೆ ತಕ್ಕಡಿ ಮರುಮಾತಾಡುತ್ತಿರಲಿಲ್ಲ. ಮನೆಯಲ್ಲಿ ಮಿಕ್ಕೆಲ್ಲದರಲ್ಲೂ ಅತ್ತೆಯದೇ ಮಾತು, ತೂಕದ ವಿಷಯದಲ್ಲಿ ಮಾತ್ರ ಮಾವನದು.

ನಾನು ಬಿ.ಎ. ಕೊನೆಯ ವರ್ಷ ಬಾಕಿ ಇಟ್ಟುಕೊಂಡು ಮದುವೆಯಾಗಿದ್ದೆ. ಓದು ಮುಗಿಸುತ್ತೇನೆ ಅಂದರೆ ಗಂಡ "ಅಮ್ಮನ್ನ ಕೇಳು" ಅನ್ನುತ್ತಿದ್ದರು. ಅತ್ತೆಯನ್ನು ಕೇಳಿದರೆ "ಓದಿದ್ದು ಸಾಲ್ದಾ?" ಮಾವನನ್ನು ಕೇಳುವ ಮಾತೇ ಇಲ್ಲ. ನಮ್ಮಲ್ಲಿ ಸೊಸೆ ಮಾವನ ಎದುರಿಗೆ ಕೂರುವಂತಿಲ್ಲ. ಅವರಿಗೆ ಕಾಫಿ ಬೇಕಾದರೂ ಅತ್ತೆಗೆ ಹೇಳಿ, ಅತ್ತೆ ನನಗೆ ಹೇಳಬೇಕಿತ್ತು. ನಾನು ಈರುಳ್ಳಿ ಹೆಚ್ಚುವ ನೆಪದಲ್ಲಿ ಅತ್ತು ಮುಗಿಸುತ್ತಿದ್ದೆ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

ಆಯುಧಪೂಜೆ ಬಂತು. ಆ ದಿನ ವೀಲನ್ನು ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಮೊದಲ ಸುತ್ತಿಗೆ ಕೆಲಸದವರ ಮನೆಯವರನ್ನೇ ಕೂರಿಸುವುದು ಅಲ್ಲಿನ ಪದ್ಧತಿ. ಗಂಡ ಸ್ನೇಹಿತರ ಜೊತೆ ಬೇರೆ ತೊಟ್ಟಿಲು ಹತ್ತಿದರು. ನಾನು ಕಡ್ಲೆಪುರಿ ಪೊಟ್ಟಣ ಹಿಡಿದು ಅತ್ತೆಯ ಪಕ್ಕ ಕೂತೆ. ಅವತ್ತು ಮಾವನ ಬದಲು ಲಿವರ್ ಹಿಡಿದಿದ್ದವರು ಅವರ ಕೈಕೆಳಗಿನ ಜಕ್ಕೂರಿನವರೊಬ್ಬರು. ನಮ್ಮನ್ನು ಒಮ್ಮೆ ನೋಡಿ, "ಅಕ್ಕಾ, ನೀವ್ ಎದುರುಗಡೆ ತೊಟ್ಟಿಲಿಗೆ ಓಗಿ. ಇಂಗೆ ಕೂತ್ರೆ ಬ್ಯಾಲೆನ್ಸ್ ಆಗಲ್ಲ. ಅಣ್ಣಾ, ನೀವ್ ಬನ್ನಿ ಇಲ್ಲಿ" ಅಂದರು.

ಅತ್ತೆ ತೂಕದ ಮಾತಿಗೆ ಎದುರಾಡದೆ ಇಳಿದು ಹೋದರು. ಮಾವ ಬಂದು ನನ್ನ ಎದುರಿಗೇ ಕೂತರು. ನಾನು ಸೆರಗು ಎಳೆದುಕೊಂಡು ಕಡ್ಲೆಪುರಿಯನ್ನೇ ನೋಡುತ್ತಿದ್ದೆ. ನಾವು ತುತ್ತತುದಿಗೆ ಬಂದಾಗ ವೀಲು ನಿಂತಿತು. ಕೆಳಗೆ ಅತ್ತೆ ಕತ್ತು ಎತ್ತಿ ಎತ್ತಿ ನಮ್ಮನ್ನೇ ಹುಡುಕುತ್ತಿದ್ದರು.

"ಓದು ನೀನಾಗೇ ಬಿಟ್ಯಾ, ಇಲ್ಲಾ ನಾವು ಬಿಡಿಸಿದ್ವಾ?"

ಅಷ್ಟು ತಿಂಗಳಲ್ಲಿ ಮಾವ ನನಗೇ ಅಂತ ಆಡಿದ ಮೊದಲ ಮಾತು ಅದು. "ಒಂದು ವರ್ಷ ಬಾಕಿ ಇದೆ ಮಾವ" ಅಂದೆ.

"ಮುಗಿಸ್ಬೇಕು ಅಂತ ಆಸೆ ಇದ್ಯಾ?"

"ತುಂಬಾ."

ಅವರು ಹೆಬ್ಬಾಳ ಕೆರೆಯ ಕಡೆ ತಿರುಗಿ ಕೂತರು. ವೀಲು ಹೊರಟಿತು. ರಾತ್ರಿ ಊಟಕ್ಕೆ ಕೂತಾಗ ಅತ್ತೆಗೆ ಹೇಳಿದರು: "ಜೂನ್‌ನಿಂದ ಅವಳು ಕಾಲೇಜಿಗೆ ಹೋಗ್ತಾಳೆ. ಬೆಳಗ್ಗೆ ಸಾರು ನಾನ್ ಮಾಡ್ತೀನಿ." ಅತ್ತೆ ಮೂರು ದಿನ ಮುಖ ಊದಿಸಿಕೊಂಡಿದ್ದರು. ಆ ಸಾರಿಗೆ ಉಪ್ಪು ಯಾವತ್ತೂ ಜಾಸ್ತಿ. ಅದನ್ನು ಉಂಡೇ ನಾನು ಬಿ.ಎ. ಮುಗಿಸಿದೆ, ಬಿ.ಎಡ್. ಮಾಡಿದೆ, ಯಲಹಂಕದ ಶಾಲೆಗೆ ಸೇರಿದೆ.

ಅಷ್ಟರಲ್ಲಿ ಮಾಲ್‌ಗಳು ಬಂದು ಪಾರ್ಕಿಗೆ ಜನ ಕಡಿಮೆಯಾದರು. ಕೊಳದ ನೀರು ಹಸಿರಾಯಿತು. ಒಂದು ಸಂಕ್ರಾಂತಿ ಕಳೆದ ಮೇಲೆ ಗೇಟು ತೆರೆಯಲೇ ಇಲ್ಲ. ವೀಲನ್ನು ಬಿಚ್ಚಿ ಲಾರಿಗೆ ಹೇರಿದ ದಿನ ಮಾವ ನೋಡಲು ಹೋಗದೆ ಮನೆಯಲ್ಲೇ ಕೂತು ಅವರೆಕಾಯಿ ಬಿಡಿಸಿದರು.

ಹೋದ ತಿಂಗಳು ತರಬೇತಿಗೆಂದು ನಾಗಸಂದ್ರಕ್ಕೆ ಹೋಗಿದ್ದೆ. ಮೆಟ್ರೋ ಸ್ಟೇಷನ್ನಿನಲ್ಲಿ ಬ್ಯಾಗು ತಪಾಸಣೆಗೆ ನಿಂತಿದ್ದವರು ಅದೇ ಜಕ್ಕೂರಿನವರು. ಗುರುತು ಹಿಡಿದು, ನಾನು ಟೀಚರ್ ಅಂತ ತಿಳಿದು ನಕ್ಕರು. "ಅವತ್ತು ನೀವೂ ಅಕ್ಕನೂ ಒಟ್ಟಿಗೆ ಕೂತಿದ್ರೂ ತೂಕ ಸರಿಯಾಗೇ ಇತ್ತು ಕಣಮ್ಮಾ. ಅಣ್ಣ ಮುಂಚೇನೇ ಅಂದಿದ್ರು, ಸೊಸೆ ಅಡುಗೆಮನೇಲಿ ಅಳ್ತಾಳೆ, ಮನೇಲಿ ಕೇಳಕ್ಕಾಗಲ್ಲ, ಎರಡು ನಿಮಿಷ ಮೇಲೆ ನಿಲ್ಸು ಅಂತ."

ಮನೆಗೆ ಬಂದವಳೇ ಎರಡು ಲೋಟ ಕಾಫಿ ಮಾಡಿ, ಮಾವನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತೆ. ಹನ್ನೊಂದು ವರ್ಷದಲ್ಲಿ, ಆ ವೀಲಿನ ತೊಟ್ಟಿಲು ಬಿಟ್ಟರೆ, ಅವರೆದುರು ಹಾಗೆ ಕೂತದ್ದು ಅದೇ ಮೊದಲು. "ಅವತ್ತು ವೀಲಲ್ಲಿ ನನ್ನ ತೂಕ ಎಷ್ಟಿತ್ತು ಮಾವ?"

ಅವರು ಪೇಪರ್ ಕೆಳಗಿಳಿಸಿ ನನ್ನನ್ನು ನೋಡಿದರು. ಯಾರು ಹೇಳಿದರು ಅಂತ ಕೇಳಲಿಲ್ಲ.

"ನಲವತ್ತೆರಡು. ಆ ವೀಲಿಗೆ ನೀನು ಇದ್ರೂ ಒಂದೇ, ಇಲ್ದಿದ್ರೂ ಒಂದೇ."

"ಏನಂತೆ ಅದು?" ಅಂತ ಅತ್ತೆ ಒಳಗಿನಿಂದ ಕೂಗಿದರು.

"ಏನಿಲ್ಲ" ಅಂದೆವು ಇಬ್ಬರೂ.