ಒಂಟಿ ಸೀನು

ನನ್ನ ಹೊಟ್ಟೆಯಲ್ಲಿ ಕೆಲಸ ಮಾಡುತ್ತಿರುವುದು ಅವ್ವನ ಕಿಡ್ನಿ. ನನ್ನವೆರಡೂ ಕೈಕೊಟ್ಟಾಗ ಅವಳು ಧಾರವಾಡದಿಂದ ಸಮುದ್ರ ದಾಟಿ ನಾನಿರುವ ಪ್ಲೆಸೆಂಟನ್ನಿಗೆ ಬಂದು ತನ್ನದೊಂದನ್ನು ಕೊಟ್ಟಳು. ಹೊರಗಿನದೆಂದು ದೇಹ ಅದನ್ನು ತಿರಸ್ಕರಿಸದಿರಲಿ ಎಂದು ನಾನು ದಿನವೂ ಮಾತ್ರೆ ನುಂಗಬೇಕು. ಆ ಮಾತ್ರೆ ಮೈಯ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತದೆ. ಹಾಗಾಗಿ ಬೇರೆಯವರಿಗೆ ಬರೀ ನೆಗಡಿ ತರುವ ವೈರಸ್ಸು ನನ್ನ ಪ್ರಾಣಕ್ಕೇ ಬರಬಹುದು.

ಡೇಕೇರಿಗೆ ಹೋಗುವ ಮಗನಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಅವನು ಬಂದ ಕೂಡಲೇ ಕೈಕಾಲು ತೊಳೆದು ಬಟ್ಟೆ ಬದಲಿಸಬೇಕು, ನೆಗಡಿಯಾದರೆ ನನ್ನ ಕೋಣೆಗೆ ಬರಬಾರದು. ಅವ್ವ ಇದನ್ನು ಮಡಿ ಎಂದೇ ತಿಳಿದು ನನ್ನ ಹೆಂಡತಿಗಿಂತ ಕಟ್ಟುನಿಟ್ಟಾಗಿ ನಡೆಸುತ್ತಿದ್ದಳು. ಆದರೆ ಅವಳಿಗೆ ಇನ್ನೊಂದು ಶಾಸ್ತ್ರವೂ ಇತ್ತು. ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ ಅಪಶಕುನ. ಒಳಗೆ ಬಂದು ಕೂತು, ನೀರು ಕುಡಿದು ಹೊರಡಬೇಕು.

ಚಳಿಗಾಲದ ಒಂದು ಬೆಳಿಗ್ಗೆ ನಾನು ಓಕ್ಲ್ಯಾಂಡಿನ ಆಸ್ಪತ್ರೆಗೆ ಚೆಕಪ್ಪಿಗೆಂದು ಶೂ ಹಾಕಿಕೊಳ್ಳುತ್ತಿದ್ದಾಗ, ಆವರೆಗೆ ನೆಗಡಿಯ ಸುಳಿವೇ ಇಲ್ಲದಿದ್ದ ಮಗ ಸೀನಿದ.

“ಒಂಟಿ ಸೀನು ಆತು. ಕೂಡು ಒಂಚೂರು,” ಎಂದಳು ಅವ್ವ.

“ಅವ್ವಾ, ಫ್ರೀವೇ ಜಾಮ್ ಆಗ್ತದ.”

“ಫ್ರೀವೇ ಎಲ್ಲಿಗೂ ಓಡಿ ಹೋಗಂಗಿಲ್ಲ. ಕೂಡು.”

ಅವಳ ಮುಂದೆ ನನ್ನ ಆಟ ನಡೆಯುವುದಿಲ್ಲ. ಕೂತೆ. ಮಗ ತೊಡೆಯೇರಿ, ಮೂಗನ್ನು ನನ್ನ ಅಂಗಿಗೆ ಒರೆಸಿ, ನೇರ ಮುಖಕ್ಕೇ ಇನ್ನೊಮ್ಮೆ ಸೀನಿದ. “ಜೋಡಿ ಆತು, ಇನ್ನ ಛಲೋ ಆಗ್ತದ ಹೋಗು,” ಎಂದು ಅವ್ವ ನಗುತ್ತಾ ಕಳಿಸಿದಳು.

ವಾರ ಕಳೆಯುವುದರೊಳಗೆ ಅದೇ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದೆ. ಆರ್‌ಎಸ್‌ವಿ ಎಂಬ ವೈರಸ್ಸು. ಮಗನಿಗೆ ನಾಲ್ಕು ದಿನ ಮೂಗು ಸೋರಿಸಿ ಬಿಟ್ಟುಹೋದದ್ದು ನನ್ನ ಎರಡೂ ಶ್ವಾಸಕೋಶಗಳಿಗೆ ಇಳಿದಿತ್ತು. ಅದನ್ನು ಎದುರಿಸಲು ಮೈಗೆ ಬಲ ಬರಬೇಕಾದರೆ ಮಾತ್ರೆ ತಗ್ಗಿಸಬೇಕು, ತಗ್ಗಿಸಿದರೆ ಕಿಡ್ನಿ ಹೋದರೂ ಹೋಗಬಹುದು ಎಂದರು ಡಾಕ್ಟರು. ಅತ್ತ ದರಿ, ಇತ್ತ ಪುಲಿ. ಸಾಯುವ ಭಯವಿತ್ತು, ಸುಳ್ಳೇಕೆ ಹೇಳಲಿ. ಅದಕ್ಕಿಂತ, ಬದುಕಿ ಉಳಿದು ಅವ್ವನ ಕಿಡ್ನಿ ಕಳೆದುಕೊಂಡರೆ ಅವಳಿಗೆ ಮುಖ ತೋರಿಸುವುದು ಹೇಗೆ ಎಂಬ ಸಂಕಟ ದೊಡ್ಡದಾಗಿತ್ತು.

ಮಾಸ್ಕು ಹಾಕಿಕೊಂಡು ನೋಡಲು ಬಂದ ಅವ್ವನಿಗೆ ವಿಷಯ ಹೇಳಿದೆ. ಅವಳು ರೇಗಿದಳು. “ಕೊಟ್ಟದ್ದನ್ನ ನಾ ವಾಪಸ್ ಕೇಳೀನೇನು? ಹೋದ್ರ ಹೋಗ್ಲಿ. ನೀ ಮೊದಲ ಉಸಿರಾಡು.” ಬಾಗಿಲ ತನಕ ಹೋದವಳು ತಿರುಗಿ, “ಅವತ್ತ ನಾ ನಿನ್ನ ಕೂಡಿಸಬಾರದಿತ್ತು,” ಎಂದಳು. ಒಂದೇ ಮನೆಯಲ್ಲಿ ಇರುವವರು ನಾವು, ಸೋಂಕು ಅವತ್ತೇ ಹತ್ತಿತೆಂದು ಯಾರು ಹೇಳಬಲ್ಲರು? ಹಾಗೆಂದು ಸಮಾಧಾನ ಮಾಡಲು ನನಗೆ ಉಸಿರು ಸಾಲಲಿಲ್ಲ.

ಮಾತ್ರೆ ತಗ್ಗಿಸಿದರು. ಶ್ವಾಸಕೋಶ ನಿಧಾನವಾಗಿ ಚೇತರಿಸಿಕೊಂಡಿತು. ಕಿಡ್ನಿಯೂ ಅವ್ವನ ಹಾಗೆ ಹಟ ಹಿಡಿದು ಉಳಿಯಿತು.

ಮನೆಗೆ ಬಂದ ಮೇಲೆ ಮೊದಲ ಸಲ ರಕ್ತಪರೀಕ್ಷೆಗೆ ಹೊರಟಿದ್ದೆ. ಮಗ ಸೀನಿದ. ಒಂದೇ ಸೀನು. ಶಾಸ್ತ್ರ ಕಲಿತಿದ್ದ ಅವನು ತಾನೇ ಸೋಫಾ ಏರಿ, ಪಕ್ಕದ ಜಾಗ ತಟ್ಟಿ, “ಸಿಟ್, ಅಪ್ಪಾ,” ಎಂದ.

ಅವ್ವ ಬಾಗಿಲನ್ನು ಪೂರ್ತಿ ತೆರೆದು, ನನ್ನ ಬೆನ್ನಿಗೆ ಕೈ ಹಚ್ಚಿ ಹೊರಗೆ ನೂಕಿದಳು. “ನಡಿ ನಡಿ, ನಿಂದ್ರಬ್ಯಾಡ!”